ಅಡುಗೆಮನೆಯಲ್ಲಿ ಮಾತು ಯಾರದ್ದು?

ಹೋಟೆಲ್ ಅಡುಗೆಮನೆಯ ಮೆಷಿನ್ ರಿಪೇರಿ ನನ್ನ ಕೆಲಸ. ಗ್ರೈಂಡರ್, ಇಡ್ಲಿ ಬಾಯ್ಲರ್, ದೋಸೆ ಕಾವಲಿಯ ಬರ್ನರ್, ಫ್ರೈಯರ್, ಓವನ್, ಫ್ರಿಜ್ಜು, ಯಾವುದು ಕೆಟ್ಟರೂ ಬ್ಯಾಗ್ ಹಿಡಿದು ಓಡಬೇಕು. ಬೆಳಿಗ್ಗೆ ಬಸವನಗುಡಿಯಲ್ಲಿ ದರ್ಶಿನಿ, ಮಧ್ಯಾಹ್ನ ವೈಟ್‌ಫೀಲ್ಡ್ ಮಾಲ್‌ನಲ್ಲಿ ಬರ್ಗರ್ ಔಟ್‌ಲೆಟ್. ನಡುವೆ ಸಿಲ್ಕ್ ಬೋರ್ಡ್ ಜಂಕ್ಷನ್ನಿನ ಟ್ರಾಫಿಕ್ ಸಿಗುತ್ತದೆ, ಅದರ ಸುದ್ದಿ ಬೇಡ ಬಿಡಿ. ಎರಡೂ ಕಡೆ ಹಿಂಬಾಗಿಲಿನಿಂದಲೇ ನಾವು ಒಳಗೆ ಹೋಗುವುದು.

ಚೈನ್ ಹೋಟೆಲ್ ಒಳ್ಳೇದಾ, ನಮ್ಮೂರ ಹೋಟೆಲ್ ಒಳ್ಳೇದಾ ಅಂತ ಜನ ವಾದ ಮಾಡುವಾಗ ರುಚಿ, ರೇಟು, ಕ್ಲೀನ್ ಇಷ್ಟರ ಸುತ್ತಲೇ ಮಾತು ತಿರುಗುತ್ತದೆ. ನನಗೆ ಕಂಡ ದೊಡ್ಡ ವ್ಯತ್ಯಾಸ ಬೇರೆ. ಮೆಷಿನ್ ನಿಂತಾಗ "ಹೂಂ, ಬದಲಾಯಿಸಿ" ಅನ್ನುವ ಅಧಿಕಾರ ಆ ಅಡುಗೆಮನೆಯೊಳಗೆ ಯಾರಿಗಾದರೂ ಇದೆಯಾ, ಇಲ್ಲವಾ? ಇದು ಗೊತ್ತಾದರೆ ನಮ್ಮ ಲೈನ್‌ನಲ್ಲಿ ಅರ್ಧ ಕೆಲಸ ಮುಗಿದ ಹಾಗೆ.

ದರ್ಶಿನಿಯ ದೋಸೆ ಕಾವಲಿಯನ್ನೇ ತೆಗೆದುಕೊಳ್ಳಿ. ದಪ್ಪ ಕಬ್ಬಿಣದ ಪ್ಲೇಟು, ಕೆಳಗೆ ಗ್ಯಾಸ್ ಬರ್ನರ್. ಕಾವು ತೋರಿಸುವ ಮೀಟರ್ ಇರುವುದಿಲ್ಲ. ನಾಬ್ ಮೇಲೆ ನಂಬರ್ ಇದ್ದರೂ ಎಣ್ಣೆ ಜಿಡ್ಡಿಗೆ ಅಳಿಸಿಹೋಗಿರುತ್ತದೆ. ಭಟ್ಟರು ಕೈಯಲ್ಲಿ ನೀರು ಚಿಮುಕಿಸುತ್ತಾರೆ. ಹನಿಗಳು ಗುಂಡಗೆ ಉರುಳಾಡಿದರೆ ಕಾವು ಜಾಸ್ತಿ. ಚುಂಯ್ ಅಂತ ಬಿದ್ದಲ್ಲೇ ಆರಿದರೆ ಸರಿ. ಕಡ್ಡಿಪೊರಕೆಯಲ್ಲಿ ಒಂದು ಸಲ ಗುಡಿಸಿ ಹಿಟ್ಟು ಹುಯ್ಯುತ್ತಾರೆ. ಆ ನೀರು ಕಾವಲಿ ತೊಳೆಯಲಿಕ್ಕೆ ಅಂತ ಸುಮಾರು ಜನ ಅಂದುಕೊಂಡಿದ್ದಾರೆ. ಕಾವು ಇಳಿಸುವುದು ಅದರ ಮುಖ್ಯ ಕೆಲಸ. ಕಾವು ಹೆಚ್ಚಿದ್ದರೆ ಹಿಟ್ಟು ಬಿದ್ದ ಕಡೆಯೇ ಗಟ್ಟಿಯಾಗುತ್ತದೆ, ತಿರುಗಿಸಲು ಹೋದರೆ ಕಿತ್ತು ಬರುತ್ತದೆ, ತೆಳ್ಳಗೆ ಹರಡುವುದೇ ಇಲ್ಲ.

ಜಯನಗರದ ಕಡೆಯ ಒಂದು ಹೋಟೆಲಿನಿಂದ ಬೆಳಿಗ್ಗೆ ಬೆಳಿಗ್ಗೆ ಫೋನ್ ಬಂತು. ಮಾಲೀಕರು ಕುಂದಾಪುರದ ಕಡೆಯವರು. "ಎಂತ ಮಾರಾಯ್ರೆ, ದೋಸೆ ಒಂದು ಬದಿ ಕಪ್ಪು, ಒಂದು ಬದಿ ಬಿಳಿ. ಬೇಗ ಬನ್ನಿ." ಹೋಗಿ ಬಗ್ಗಿ ನೋಡಿದರೆ ಉರಿ ಒಂದು ಕಡೆ ನೀಲಿ, ಇನ್ನೊಂದು ಕಡೆ ಹಳದಿ. ಅಲ್ಲಲ್ಲಿ ಉರಿಯೇ ಇಲ್ಲ. ನಾನು ಕೇಳುವ ಮೊದಲೇ ಭಟ್ಟರು ಹೇಳಿದರು: "ನಿನ್ನೆ ಹಿಟ್ಟಿನ ಪಾತ್ರೆ ಜಾರಿ ಹಿಂದಕ್ಕೆ ಚೆಲ್ಲಿತು ಸಾರ್." ಹಿಟ್ಟು ಬರ್ನರ್ ತೂತುಗಳಿಗೆ ಇಳಿದು, ಕಾದು, ಕಲ್ಲಾಗಿತ್ತು. ತೂತುಗಳ ಸುತ್ತ ಬರ್ನರ್ ಮೊದಲೇ ಸವೆದಿತ್ತು. ಗಲ್ಲಾ ಹತ್ತಿರ ಹೋಗಿ ವಿಷಯ ಹೇಳಿದೆ. ಮಾಲೀಕರು ಗಿರಾಕಿಗೆ ಚಿಲ್ಲರೆ ಎಣಿಸುತ್ತಲೇ ಕೇಳಿದರು: "ಕ್ಲೀನ್ ಮಾಡಿದ್ರೆ ಎಷ್ಟು ದಿನ ಬರ್ತದೆ? ಹೊಸದಕ್ಕೆ ಎಷ್ಟು?" ಎರಡೂ ಹೇಳಿದೆ. "ಹೊಸದೇ ಹಾಕಿ. ಭಾನುವಾರ ರಶ್ಶಲ್ಲಿ ಕೈಕೊಟ್ರೆ ಯಾರನ್ನು ಕೇಳೋದು?" ಅಷ್ಟೇ. ಆ ಗಿರಾಕಿ ಟೋಕನ್ ಹಿಡಿದು ಕೌಂಟರ್ ತಲುಪುವಷ್ಟರಲ್ಲಿ ತೀರ್ಮಾನ ಆಗಿತ್ತು.

ಈಗ ಚೈನ್ ಕಡೆ ಬನ್ನಿ. ಅಲ್ಲಿ ಫ್ರೈಯರ್‌ಗೆ ಡಿಜಿಟಲ್ ಕಂಟ್ರೋಲರ್. ಐಟಂ ಬಟನ್ ಒತ್ತಿದರೆ ಟೈಮರ್ ಓಡುತ್ತದೆ, ಬೀಪ್ ಅಂದಾಗ ಬುಟ್ಟಿ ಎತ್ತಬೇಕು. ಟೆಂಪರೇಚರ್ ಬದಲಾಯಿಸಬೇಕಾದರೆ ಪಾಸ್‌ವರ್ಡ್ ಬೇಕು. ಅದು ಔಟ್‌ಲೆಟ್‌ನವರ ಹತ್ತಿರ ಇರುವುದಿಲ್ಲ. ಒಂದು ಕಡೆ ಸ್ಕ್ರೀನ್ 180 ಡಿಗ್ರಿ ತೋರಿಸುತ್ತಿತ್ತು. ನನ್ನ ಥರ್ಮಾಮೀಟರ್ ಕಡ್ಡಿ ಎಣ್ಣೆಗೆ ಅದ್ದಿ ನೋಡಿದರೆ 168. ಸೆನ್ಸರ್ ಹೋಗಿತ್ತು. ಫ್ರೈಯರ್ ಮುಂದೆ ನಿಂತಿದ್ದ ಹಾವೇರಿ ಕಡೆಯ ಹುಡುಗನಿಗೆ ಇದು ಮೊದಲೇ ಗೊತ್ತಿತ್ತು. "ಫ್ರೈಸ್ ಮೆತ್ತಗ ಬರಾಕತ್ತಾವ್ರಿ. ನಾ ಮೊನ್ನೆನ ಕಂಪ್ಲೇಂಟ್ ಟಿಕೆಟ್ ಹಾಕೀನ್ರಿ," ಅಂದ. ಸೆನ್ಸರ್ ನನ್ನ ಬ್ಯಾಗಿನಲ್ಲೇ ಇತ್ತು. ಆದರೆ ಹಾಕುವ ಹಾಗಿಲ್ಲ. ನಾನು ಕೊಟೇಶನ್ ಕಳಿಸಬೇಕು, ಅದು ಏರಿಯಾ ಮ್ಯಾನೇಜರ್‌ಗೆ ಹೋಗಬೇಕು, ಬೇರೆ ಊರಿನ ಆಫೀಸಿನವರು ಮೇಲ್‌ನಲ್ಲಿ ಒಪ್ಪಬೇಕು. ಅಲ್ಲಿ ಕೂತವರು ಆ ಮೆತ್ತಗಿನ ಫ್ರೈಸ್ ನೋಡಿಯೂ ಇಲ್ಲ, ತಿಂದೂ ಇಲ್ಲ. ಔಟ್‌ಲೆಟ್ ಮ್ಯಾನೇಜರ್ ಪಾಪ, ನನ್ನಷ್ಟೇ ಕೈಕಟ್ಟಿ ನಿಂತಿದ್ದರು.

ಇದನ್ನು ಓದಿ ನಾನು ನಮ್ಮೂರ ಹೋಟೆಲ್ ಪಾರ್ಟಿ ಅಂದುಕೊಳ್ಳಬೇಡಿ. ಅದೇ ಔಟ್‌ಲೆಟ್ ಗೋಡೆಯ ಮೇಲೆ ಒಂದು ಫೈಲ್ ನೇತಾಡುತ್ತಿತ್ತು. ಫ್ರೀಜರ್ ಎಷ್ಟು ಡಿಗ್ರಿ, ಎಣ್ಣೆ ಹೇಗಿದೆ, ಫಿಲ್ಟರ್ ಯಾವತ್ತು ತೊಳೆದರು, ಎಲ್ಲದಕ್ಕೂ ಬೆಳಿಗ್ಗೆ ಸಂಜೆ ಸಹಿ. ಆ ಪುಟ ತಿರುವಿದರೆ ಮೆಷಿನ್ ಯಾವತ್ತಿನಿಂದ ಹಟ ಮಾಡುತ್ತಿದೆ ಅಂತ ಅಲ್ಲೇ ಸಿಗುತ್ತದೆ. ನಮ್ಮ ಹೋಟೆಲ್‌ಗಳಲ್ಲಿ ಕೇಳಿದರೆ ಒಂದೇ ಉತ್ತರ: "ನಿನ್ನೆ ತನಕ ಚೆನ್ನಾಗೇ ಇತ್ತು ಸಾರ್." ಬೆಂಗಳೂರಿನ ಎಲ್ಲ ಗ್ರೈಂಡರ್‌ಗಳೂ ನಿನ್ನೆ ತನಕ ಚೆನ್ನಾಗೇ ಇದ್ದವು!

ಎಣ್ಣೆ ವಿಷಯದಲ್ಲಂತೂ ನನ್ನ ಓಟು ಚೈನ್‌ಗೇ. ಪದೇ ಪದೇ ಕಾದ ಎಣ್ಣೆಯಲ್ಲಿ ಕೆಟ್ಟ ಅಂಶಗಳು ಸೇರುತ್ತಾ ಹೋಗುತ್ತವೆ, ಅದನ್ನು ಟಿಪಿಸಿ ಅಂತ ಅಳೆಯುತ್ತಾರೆ. ಅದು 25 ಪರ್ಸೆಂಟ್ ದಾಟಿದರೆ ಆ ಎಣ್ಣೆ ಬಳಸಬಾರದು ಅಂತ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್ಎಸ್ಎಸ್ಎಐನ ನಿಯಮ 2018ರ ಜುಲೈ 1ರಿಂದ ಜಾರಿಯಲ್ಲಿದೆ. ನಿಯಮ ಇಬ್ಬರಿಗೂ ಒಂದೇ. ಆದರೆ ನಾನು ಹೋಗುವ ಚೈನ್ ಅಡುಗೆಮನೆಗಳಲ್ಲಿ ಮೀಟರ್ ಇಲ್ಲವೇ ಟೆಸ್ಟ್ ಪೇಪರ್ ಇರುತ್ತದೆ. ದರ್ಶಿನಿಯಲ್ಲಿ ಕಣ್ಣು, ಮೂಗು, ಅನುಭವ. ವಡೆ ಬಾಣಲೆಗೆ ದಿನಾ ಹೊಸ ಎಣ್ಣೆ ಹಾಕುವ ಮಾಲೀಕರೂ ಇದ್ದಾರೆ. ನಿನ್ನೆಯದರ ಮೇಲೇ ಇವತ್ತಿನದು ಸುರಿಯುವವರೂ ಇದ್ದಾರೆ. ಮಾಲೀಕ ಒಳ್ಳೆಯವನಾದರೆ ಚೈನ್‌ಗಿಂತ ಒಳ್ಳೆಯ ಅಡುಗೆಮನೆ, ಜುಗ್ಗನಾದರೆ ದೇವರೇ ಗತಿ. ಚೈನ್‌ನಲ್ಲಿ ಮ್ಯಾನೇಜರ್ ಜುಗ್ಗನಾದರೂ ಫೈಲ್ ಬಿಡುವುದಿಲ್ಲ. ಕ್ಯಾಲೊರಿ ಬೋರ್ಡ್ ಕೂಡ ಹಾಗೇ. ಹತ್ತು ಅಥವಾ ಅದಕ್ಕಿಂತ ಹೆಚ್ಚು ಔಟ್‌ಲೆಟ್ ಇರುವವರು ಮೆನುವಿನಲ್ಲಿ ಕ್ಯಾಲೊರಿ ಹಾಕಲೇಬೇಕು, 2022ರಿಂದ. ಒಂದೇ ಅಂಗಡಿ ಇರುವವರಿಗೆ ಆ ತಲೆನೋವಿಲ್ಲ. ಬೆಣ್ಣೆ ಮಸಾಲೆಗೆ ಎಷ್ಟು ಕ್ಯಾಲೊರಿ ಅಂತ ಯಾರಿಗೂ ಗೊತ್ತಾಗದಿರುವುದೇ ಕ್ಷೇಮ ಅನ್ನಿ.

ದುಡ್ಡಿನ ವಿಷಯ ಬೇಗ ಮುಗಿಸುತ್ತೇನೆ. ಚೈನ್‌ನವರು ಚೌಕಾಸಿ ಮಾಡುವುದಿಲ್ಲ, ಆದರೆ ಪಿಒ ನಂಬರ್, ಅಂದರೆ ಅವರ ಖರೀದಿ ಆರ್ಡರ್ ನಂಬರ್, ಇಲ್ಲದ ಬಿಲ್ ಕಸದಬುಟ್ಟಿಗೆ. ದುಡ್ಡು ಬರಲು ತಿಂಗಳುಗಟ್ಟಲೆ ಕಾಯಬೇಕು. ದರ್ಶಿನಿಯಲ್ಲಿ ಕೆಲಸ ಮುಗಿದ ತಕ್ಷಣ ದುಡ್ಡು, ಜೊತೆಗೆ ಕಾಫಿ, ಜೊತೆಗೆ "ಇನ್ನೂರು ಕಮ್ಮಿ ಮಾಡ್ಕೊಳ್ಳಿ ಸಾರ್."

ಈ ಎರಡು ಜಾತಿಯನ್ನು ಬೋರ್ಡ್ ನೋಡಿ ಗುರುತಿಸಲು ಹೋದರೆ ಮಾತ್ರ ಏಮಾರುತ್ತೀರಿ. 1983ರಲ್ಲಿ ಜಯನಗರದಲ್ಲಿ ಕೆಫೆ ದರ್ಶಿನಿ ಶುರುವಾದ ಮೇಲೆ ಊರ ತುಂಬ ದರ್ಶಿನಿಗಳು ಬಂದವು. ಅದೇ ಸ್ಟೀಲ್ ಕೌಂಟರ್, ಅದೇ ನಿಂತು ತಿನ್ನುವ ಟೇಬಲ್, ಅದೇ ಟೋಕನ್. ಹೊಸಬರು ಇದೆಲ್ಲ ಒಂದೇ ಕಂಪನಿ ಅಂದುಕೊಳ್ಳುತ್ತಾರೆ. ಒಂದೊಂದಕ್ಕೂ ಮಾಲೀಕರು ಬೇರೆ ಬೇರೆ. ಹೆಸರಿನ ಕೊನೆಗೆ ಸಾಗರ್ ಇರುವ ಹೋಟೆಲ್‌ಗಳ ಕಥೆಯೂ ಇದೇ. ಇತ್ತ ಮೆಕ್‌ಡೊನಾಲ್ಡ್ಸ್ ಹೆಸರು ಅಮೆರಿಕದ್ದು, ನಮ್ಮ ದಕ್ಷಿಣ ಭಾರತದಲ್ಲಿ ಅದನ್ನು ನಡೆಸುವುದು ಮುಂಬೈನ ವೆಸ್ಟ್‌ಲೈಫ್. 1996ರಲ್ಲಿ ಬ್ರಿಗೇಡ್ ರೋಡ್‌ನಲ್ಲಿ ಮೊದಲ ಅಂಗಡಿ ತೆರೆದ ಕೆಫೆ ಕಾಫಿ ಡೇ ಪಕ್ಕಾ ಚೈನ್, ಆದರೆ ಬೇರು ಚಿಕ್ಕಮಗಳೂರಿನದು. ಎಂಟಿಆರ್ ಇನ್ನೂ ಮಜಾ. 1924ರ ಹೋಟೆಲು. ಪ್ಯಾಕೆಟ್ ಮಾರುವ ಎಂಟಿಆರ್ ಫುಡ್ಸ್ 2007ರಲ್ಲಿ ನಾರ್ವೆಯ ಓರ್ಕ್ಲಾ ಪಾಲಾಯಿತು, ಹೋಟೆಲುಗಳು ಮಯ್ಯ ಕುಟುಂಬದಲ್ಲೇ ಉಳಿದವು. ಸಿಂಗಾಪುರದಲ್ಲೂ ಬ್ರಾಂಚ್ ಇದೆ. ಈಗ ಹೇಳಿ, ಅದು ಚೈನಾ, ಲೋಕಲ್ಲಾ?

ಅದಕ್ಕೇ ನಮ್ಮ ಟೀಮಿಗೆ ಹೊಸದಾಗಿ ಬರುವ ಹುಡುಗರಿಗೆ ಬೋರ್ಡ್ ನೋಡಬೇಡಿ ಅನ್ನುತ್ತೇನೆ. ಒಳಗೆ ಹೋದ ಕೂಡಲೇ ಗೋಡೆ ನೋಡಿ. ಫೈಲ್ ನೇತಾಡುತ್ತಿದ್ದರೆ ಮೊದಲು ಅದನ್ನು ಓದಿ, ಫೋಟೋ ತೆಗೆದು ಕೊಟೇಶನ್ ಜೊತೆ ಕಳಿಸಿ. ಮೇಲಿನವರು ಕೆಲಸದ ಹುಡುಗನ ಮಾತಿಗೆ ಒಪ್ಪುವುದಿಲ್ಲ, ನಂಬರ್ ತೋರಿಸಿದರೆ ಒಪ್ಪುತ್ತಾರೆ. ಫೈಲ್ ಇಲ್ಲದಿದ್ದರೆ ಸ್ಪ್ಯಾನರ್ ಹೊರಗೆ ತೆಗೆಯುವ ಮೊದಲು ಭಟ್ಟರ ಪಕ್ಕ ಸುಮ್ನೆ ಸ್ವಲ್ಪ ಹೊತ್ತು ನಿಲ್ಲಿ. ಗ್ರೈಂಡರ್ ಸದ್ದು ಬದಲಾದದ್ದು ರುಬ್ಬುವವನಿಗೆ ಮೊದಲು ಗೊತ್ತಾಗುತ್ತದೆ. ಮಾಲೀಕರಿಗೆ ಅದು ನಿಂತ ಮೇಲೆ ಗೊತ್ತಾಗುತ್ತದೆ.

ಎಲ್ಲಕ್ಕಿಂತ ಕಷ್ಟ ಕೊಡುವುದು ನಡುವಿನವರು. ಒಂದು ಹೋಟೆಲ್ ಚೆನ್ನಾಗಿ ಓಡಿತು ಅಂತ ರಾಜಾಜಿನಗರ, ಎಚ್‌ಎಸ್‌ಆರ್, ಯಲಹಂಕ ಅಂತ ಬ್ರಾಂಚ್ ಮಾಡಿರುತ್ತಾರೆ. ಹಿಟ್ಟು, ಚಟ್ನಿಪುಡಿ, ಸಾಂಬಾರ್ ಪುಡಿ ಒಂದೇ ಕಡೆ ಮಾಡಿ ಗಾಡಿಯಲ್ಲಿ ಕಳಿಸುತ್ತಾರೆ. ಬೆಳಿಗ್ಗೆ ಹದವಾಗಿದ್ದ ಹಿಟ್ಟು ಟ್ರಾಫಿಕ್ಕಿನಲ್ಲಿ ಕೂತು ಹುಳಿಯಾಗಿ ಇಳಿಯುತ್ತದೆ. ದೋಸೆ ಕೆಂಪಗೆ ಬರಲಿಲ್ಲ ಅಂದರೆ ಬೈಗುಳ ಬರ್ನರ್‌ಗೆ, ಫೋನ್ ನನಗೆ. ಇಂಥ ಕಡೆ ಗೋಡೆಯಲ್ಲಿ ಫೈಲ್ ಇನ್ನೂ ಬಂದಿಲ್ಲ, ಗಲ್ಲಾದಲ್ಲಿ ಮಾಲೀಕರು ಈಗ ಇಲ್ಲ. ಸೂಪರ್‌ವೈಸರ್ "ಅಣ್ಣನ್ನ ಕೇಳ್ಬೇಕು" ಅನ್ನುತ್ತಾನೆ. ಅಣ್ಣ ಫೋನ್ ಎತ್ತುವುದಿಲ್ಲ. ವಾಟ್ಸಾಪ್ ಗ್ರೂಪಿಗೆ ಫೋಟೋ ಹಾಕಿದರೆ ಮೂರು ಜನ ಹೆಬ್ಬೆರಳು ಒತ್ತುತ್ತಾರೆ, ಅದು ಒಪ್ಪಿಗೆಯಾ, ನೋಡಿದೆ ಅಂತಲಾ, ಗೊತ್ತಾಗುವುದಿಲ್ಲ. ಹಾಗಾಗಿ ಇಂಥವರ ಫೋನ್ ಬಂದರೆ ಏನು ಕೆಟ್ಟಿದೆ ಅಂತ ಆಮೇಲೆ ಕೇಳುತ್ತೇನೆ. ಅಣ್ಣ ಇವತ್ತು ಯಾವ ಬ್ರಾಂಚ್‌ನಲ್ಲಿದ್ದಾರೆ ಅಂತ ತಿಳಿದುಕೊಂಡು ಗಾಡಿ ಮೊದಲು ಆ ಕಡೆಗೇ ತಿರುಗಿಸುತ್ತೇನೆ.