ನಿಮ್ಮಮ್ಮ ಯುದ್ಧ ನೋಡಿದ್ದಾರಾ?

ಅಮ್ಮ ಹುಟ್ಟಿದ್ದು ಶ್ರೀಲಂಕಾದಲ್ಲಿ ಎಂದು ಗೊತ್ತಾದ ಕೂಡಲೇ ಎಲ್ಲರೂ ಕೇಳುವುದು ಇದನ್ನೇ. ಮೂಡಿಗೆರೆ ಬಸ್ಸಿನಲ್ಲಿ ಪಕ್ಕ ಕೂತವರು ಕೇಳಿದ್ದಾರೆ. ಕಾಲೇಜಿನ ಗೆಳತಿಯರು ಕೇಳಿದ್ದಾರೆ. ಬಂದೂಕು, ಬಾಂಬಿನ ಕಥೆ ಬರುತ್ತದೆ ಎಂದು ಕಾಯುತ್ತಾರೆ. ಅಮ್ಮ ಅದ್ಯಾವುದನ್ನೂ ನೋಡಿಲ್ಲ. ಆದರೂ ನನ್ನ ಉತ್ತರ ಹೌದು.

ನಮ್ಮ ಹಿರಿಯರು ತಮಿಳುನಾಡಿನಿಂದ ಲಂಕೆಗೆ ಹೋಗಿದ್ದು ಕಾಫಿ ತೋಟದ ಕೂಲಿಗೆ. 1869ರಲ್ಲಿ ಅಲ್ಲಿ ಎಲೆ ತುಕ್ಕು ರೋಗ ಕಾಣಿಸಿತು. ಕಾಫಿ ಹೋಯಿತು, ಟೀ ಬಂತು. (ತುಕ್ಕು ರೋಗ ಏನೆಂದು ನಮ್ಮೂರಿನವರಿಗೆ ಹೇಳಬೇಕಾಗಿಲ್ಲ, ಅಲ್ವಾ?) ತಲೆಮಾರುಗಳು ದುಡಿದ ಮೇಲೆ, ಲಂಕೆಯ 1948ರ ಪೌರತ್ವ ಕಾನೂನಿನಿಂದ ಅವರಲ್ಲಿ ಹೆಚ್ಚಿನವರು ಯಾವ ದೇಶಕ್ಕೂ ಸೇರದವರಾದರು. 1964ರಲ್ಲಿ ನಮ್ಮ ಪ್ರಧಾನಿ ಲಾಲ್ ಬಹದ್ದೂರ್ ಶಾಸ್ತ್ರಿ ಮತ್ತು ಲಂಕೆಯ ಪ್ರಧಾನಿ ಸಿರಿಮಾವೊ ಬಂಡಾರನಾಯಿಕೆ ಒಪ್ಪಂದ ಮಾಡಿಕೊಂಡು, 5,25,000 ಜನರನ್ನು ಭಾರತಕ್ಕೆ ಕಳಿಸುವುದೆಂದು ತೀರ್ಮಾನಿಸಿದರು. ತಾತ ಅರ್ಜಿ ಹಾಕಿ ವರ್ಷಗಟ್ಟಲೆ ಕಾದರು.

1983ರ ಜುಲೈ 23ರಂದು ಜಾಫ್ನಾದಲ್ಲಿ, ಪ್ರತ್ಯೇಕ ತಮಿಳು ನಾಡಿಗಾಗಿ ಹೋರಾಡುತ್ತಿದ್ದ ಎಲ್‌ಟಿಟಿಇ ದಾಳಿಗೆ 13 ಸೈನಿಕರು ಸತ್ತರು. ಮಾರನೇ ದಿನ ಕೊಲಂಬೊದಲ್ಲಿ ಸಿಂಹಳೀಯರ ಗುಂಪುಗಳು ತಮಿಳರನ್ನು ಹುಡುಕಿ ಹುಡುಕಿ ಹೊಡೆಯತೊಡಗಿದವು. 27ರ ಹೊತ್ತಿಗೆ ಬೆಂಕಿ ಬೆಟ್ಟದ ಮೇಲಿನ ಬದುಳ್ಳ ಪೇಟೆಗೂ ಬಂತು. ಅಮ್ಮನ ತೋಟ ಅಲ್ಲಿಂದ ದೂರವಿರಲಿಲ್ಲ. ಅವಳಿಗೆ ಆಗ 13 ವರ್ಷ. ಆ ವಾರವೇ ಅವಳು ದೊಡ್ಡವಳಾದಳು.

ನಮ್ಮಲ್ಲಿ ಹುಡುಗಿ ದೊಡ್ಡವಳಾದರೆ ಸೋಗೆಯ ಗುಡ್ಲು ಹಾಕಿ ಕೂರಿಸುತ್ತಾರೆ. ಅರಿಶಿನದ ನೀರು ಹುಯ್ಯುತ್ತಾರೆ. ಹೊಸ ಬಟ್ಟೆ, ಸಿಹಿ, ಹಾಡು. ಇಲ್ಲಿ ಒಸಗೆ ಅಂತಾರಲ್ಲ, ಹೆಚ್ಚು ಕಡಿಮೆ ಹಾಗೇ. ಅಮ್ಮನಿಗೆ ಅದೇನೂ ಇಲ್ಲ. ಮೂಲೆಯಲ್ಲಿ ಕೂರಬೇಕಾದವಳು ಮೂರು ರಾತ್ರಿ ಟೀ ಗಿಡಗಳ ಮಧ್ಯೆ ಮಲಗಿದಳು. ಹೊಟ್ಟೆ ನೋವು ಬಂದರೆ ಸೆರಗಿನ ಚೂರು ಬಾಯಿಗೆ ತುರುಕಿಕೊಳ್ಳುತ್ತಿದ್ದಳಂತೆ. ನರಳಿದರೆ ಯಾರಿಗಾದರೂ ಕೇಳಿಸೀತು ಎಂಬ ಭಯ.

ತಾತ ಅವಳ ಹಣೆಯ ಬೊಟ್ಟು ಒರೆಸಿದರು. ಆಮೇಲೆ ಒಂದು ಪದ ಕಲಿಸಿದರು: ಬಾಲ್ದಿಯ. ಸಿಂಹಳದಲ್ಲಿ ಹಾಗೆಂದರೆ ಬಕೆಟ್ಟು. ಗುಂಪಿನವರು ಜನರನ್ನು ತಡೆದು ಈ ಪದ ಹೇಳಿಸುತ್ತಿದ್ದರು. ತಮಿಳರ ನಾಲಿಗೆಯಲ್ಲಿ 'ಬ' ಹೋಗಿ 'ವ' ಬಂದರೆ ಮುಗಿಯಿತು. ಅಮ್ಮ ಕತ್ತಲಲ್ಲಿ ತುಟಿ ಒತ್ತಿ ಒತ್ತಿ ಅದನ್ನೇ ಹೇಳಿಕೊಂಡಳು. ನಾನು ಯುದ್ಧ ಅನ್ನುವುದು ಇದನ್ನು. ಹುಡುಗಿಯೊಬ್ಬಳು ದೊಡ್ಡವಳಾಗುವಾಗ ಅವಳಿಗೆ ಮೊದಲು ಕಲಿಸಿದ್ದು ತನ್ನ ಗುರುತು ಅಡಗಿಸುವುದನ್ನು.

1984ರಲ್ಲಿ ತಲೈಮನ್ನಾರ್‌ನಿಂದ ರಾಮೇಶ್ವರಕ್ಕೆ ಬರುತ್ತಿದ್ದ ಹಡಗು ನಿಂತುಹೋಯಿತು. ಅದಕ್ಕೆ ಕೆಲವು ತಿಂಗಳು ಮೊದಲು ಅಮ್ಮನ ಮನೆಯವರು ದಾಟಿ ಬಂದರು. ಮೊದಲು ರಾಮೇಶ್ವರದ ಹತ್ತಿರ, ಲಂಕೆಯಿಂದ ಬಂದವರಿಗಾಗಿ ಇದ್ದ ಮಂಡಪಂ ಶಿಬಿರ, ನಂತರ ಸಂಬಂಧಿಕರ ಮೂಲಕ ಮೂಡಿಗೆರೆ ಕಡೆಯ ಕಾಫಿ ತೋಟದಲ್ಲಿ ಕೂಲಿಯವರ ಲೈನು ಮನೆ. ಬಂದ ಹೊಸತರಲ್ಲಿ ಪಕ್ಕದ ಮನೆಯ ಅಕ್ಕ, "ಒಂದು ಬಾಲ್ದಿ ಕೊಡೇ" ಎಂದು ಕೇಳಿದರಂತೆ. ಅಮ್ಮ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಆ ಪದ ಇಲ್ಲಿಯವರೆಗೂ ಹುಡುಕಿಕೊಂಡು ಬಂತು ಅನ್ನಿಸಿತ್ತು ಅವಳಿಗೆ.

2009ರ ಮೇ ತಿಂಗಳಲ್ಲಿ ಯುದ್ಧ ಮುಗಿಯಿತು. ಟಿವಿಯಲ್ಲಿ ಎಲ್‌ಟಿಟಿಇ ಬಂದೂಕು ಕೊಟ್ಟಿದ್ದ ಹುಡುಗಿಯರನ್ನು ತೋರಿಸಿದರು. ಅಮ್ಮ ಬಹಳ ಹೊತ್ತು ಸುಮ್ನೆ ನೋಡಿದಳು. "ಈ ಮಕ್ಕಳು ಎಲ್ಲಿ ಕೂತು ದೊಡ್ಡವರಾದರೋ" ಅಂದಳು. ಸೋತವರು, ಗೆದ್ದವರು ಯಾರೆಂದು ಕೇಳಲಿಲ್ಲ.

ನನ್ನ ಒಸಗೆಗೆ ಅಮ್ಮ ಜಾಸ್ತಿಯೇ ಖರ್ಚು ಮಾಡಿದಳು. ಸಾಲವೂ ಆಯಿತು. ಆಗ ನನಗೆ ನಾಚಿಕೆ, ಸಿಟ್ಟು ಎರಡೂ ಇತ್ತು. ಇಡೀ ಲೈನಿನ ಹೆಂಗಸರು ಸೇರಿದ್ದರು. ನೀರು ಹುಯ್ಯುವ ಹೊತ್ತಿಗೆ ಅಮ್ಮ ಅಂಗಳದಿಂದ ಎಲ್ಲರಿಗೂ ಕೇಳುವಂತೆ ಕೂಗಿದಳು: "ಅರಿಶಿನದ ಬಾಲ್ದಿ ತನ್ನಿ!"