ಸಾಥಿಲ್ಲದ ಐವರು

ಧಾರವಾಡದ ಸಾಧನಕೇರಿಯ ಸಮೀಪವಿರುವ ನನ್ನ ತಬಲಾ ಗುರುಗಳ ಮನೆಗೆ, ಜಿಟಿಜಿಟಿ ಮಳೆಯಿಂದಾಗಿ ಉಳಿದ ವಿದ್ಯಾರ್ಥಿಗಳಾರೂ ಬಾರದಿದ್ದ ಒಂದು ಸಂಜೆ, ನಾನು ಜಾಜ್-ರಾಕ್ ತಂಡವಾದ ಮಹಾವಿಷ್ಣು ಆರ್ಕೆಸ್ಟ್ರಾದ ‘ಬರ್ಡ್ಸ್ ಆಫ್ ಫೈರ್’ ಆಲ್ಬಮ್ಮನ್ನು ಅವರಿಗೆ ಕೇಳಿಸಿದೆ. 1973ರ ಆ ಆಲ್ಬಮ್ಮಿನ ಮೊದಲ ರಚನೆ 18 ಎಣಿಕೆಗಳ ತಾಳದ ಆವರ್ತನದಲ್ಲಿ ಸಾಗುತ್ತದೆ. ಗಿಟಾರಿನ ಅಬ್ಬರಕ್ಕೆ ಮುಖ ಸಿಂಡರಿಸಿದ ಗುರುಗಳು, ಬೆರಳ ಗಿಣ್ಣುಗಳ ಮೇಲೆ ಎಣಿಸುತ್ತ ಹೋಗಿ, ಕೆಲವು ಸುತ್ತುಗಳಾದ ಮೇಲೆ ನೆಲಕ್ಕೆ ಅಂಗೈ ಬಡಿದು ಸಮ್, ಅಂದರೆ ಆವರ್ತನದ ಮೊದಲ ಮಾತ್ರೆಯನ್ನು, ಹಿಡಿದರು. “ಲಕ್ಷ್ಮೀತಾಲಕ್ಕೂ ಹದಿನೆಂಟ ಮಾತ್ರೆ. ಆದ್ರ ಇದರ ನಡಿಗಿ ಬ್ಯಾರೆ ಐತಿ ನೋಡಪಾ” ಎಂದರು.

ಅಮೆರಿಕದ ಜಾಜ್ ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ ಜೊತೆ ನುಡಿಸಿದ್ದ ಇಂಗ್ಲೆಂಡಿನ ಗಿಟಾರ್ ವಾದಕ ಜಾನ್ ಮೆಕ್‌ಲಾಫ್ಲಿನ್, ಅಧ್ಯಾತ್ಮ ಗುರು ಶ್ರೀ ಚಿನ್ಮಯರು ತಮಗಿಟ್ಟ ಹೆಸರಿನಲ್ಲೇ 1971ರಲ್ಲಿ ಈ ತಂಡವನ್ನು ಕಟ್ಟಿದರೆಂದು ನಾನು ವಿವರಿಸಿದೆ. ಪನಾಮಾದಲ್ಲಿ ಹುಟ್ಟಿದ ಬಿಲ್ಲಿ ಕೋಬಮ್ ಡ್ರಮ್ಸ್‌ಗೆ, ಅಮೆರಿಕದ ಜೆರ್ರಿ ಗುಡ್‌ಮನ್ ಪಿಟೀಲಿಗೆ, ಚೆಕೊಸ್ಲೊವಾಕಿಯಾದ ಯಾನ್ ಹ್ಯಾಮರ್ ಕೀಬೋರ್ಡಿಗೆ, ಐರ್ಲೆಂಡಿನ ರಿಕ್ ಲೇರ್ಡ್ ಬೇಸ್ ಗಿಟಾರಿಗೆ. ಹಾಡುವವರು ಯಾರೂ ಇಲ್ಲ.

“ಹಾಡವ್ರ ಇಲ್ಲಂದ್ರ ಸಾಥ್ ಯಾರಿಗೆ ಕೊಡ್ತಾರ?”

ಸಾಥ್ ಎಂದರೆ ಹಾಡುವವರಿಗೆ ಜೊತೆಯಾಗಿ ನುಡಿಸುವುದು. ಮನ್ಸೂರರ, ಗಂಗೂಬಾಯಿಯವರ ಹಾಡಿಕೆಯಲ್ಲೇ ಕಿವಿ ಬೆಳೆಸಿಕೊಂಡ ಊರಿನವರಿಗೆ ಇದು ಸಹಜವಾದ ಪ್ರಶ್ನೆಯಾಗಿತ್ತು. ಇಲ್ಲಿ ಡ್ರಮ್ಸ್ ತಾಳದ ಮೂಲ ನುಡಿಕೆಯಾದ ಠೇಕಾ ಹಿಡಿದು ಕೂರುವುದಿಲ್ಲ. ಗಿಟಾರ್, ಪಿಟೀಲು, ಕೀಬೋರ್ಡುಗಳು ಒಂದರ ಮಾತನ್ನು ಇನ್ನೊಂದು ಕಸಿದುಕೊಳ್ಳುವಾಗ ಅದೂ ಸರಿಸಮನಾಗಿ ವಾದಕ್ಕಿಳಿಯುತ್ತದೆ. ಕೋಬಮ್ಮರ ಕೈಯನ್ನು ಮನಸಾರೆ ಮೆಚ್ಚಿದ ಗುರುಗಳು, “ಯಾರೂ ಯಾರಿಗೂ ಜಾಗಾ ಬಿಡವಲ್ಲರು” ಎಂದು ಆಕ್ಷೇಪಿಸಿದಾಗ ನನಗೆ ಅಚ್ಚರಿಯಾಯಿತು, ಏಕೆಂದರೆ ತಂಡದ ಕಥೆಯನ್ನು ನಾನು ಅಲ್ಲಿಯವರೆಗೆ ಹೇಳಿರಲೇ ಇಲ್ಲ. ಮೊದಲೆರಡು ಆಲ್ಬಮ್ಮುಗಳ ರಚನೆಗಳೆಲ್ಲ ಮೆಕ್‌ಲಾಫ್ಲಿನ್ ಹೆಸರಿನಲ್ಲೇ ಬಂದವು. ಉಳಿದವರ ಅಸಮಾಧಾನ ಬೆಳೆಯಿತು. 1973ರ ಬೇಸಿಗೆಯಲ್ಲಿ ಲಂಡನ್ನಿನಲ್ಲಿ ಮಾಡಿದ, ಅವರ ರಚನೆಗಳೂ ಇದ್ದ ಧ್ವನಿಮುದ್ರಣ 1999ರವರೆಗೆ ಹೊರಬರಲಿಲ್ಲ. 1973ರ ಕೊನೆಗೆ ಐವರೂ ಬೇರೆಯಾದರು. ಮರುವರ್ಷ ಹೊಸಬರೊಂದಿಗೆ, ಲಂಡನ್ ಸಿಂಫನಿ ಆರ್ಕೆಸ್ಟ್ರಾವನ್ನೂ ಕೂಡಿಸಿಕೊಂಡು ಬಂದ ಆಲ್ಬಮ್ ನನಗೆ ಭಾರವೆನಿಸುತ್ತದೆ, ಅದನ್ನು ಹಚ್ಚಲಿಲ್ಲ.

ಬದಲಿಗೆ ‘ಶಕ್ತಿ’ ತಂಡವನ್ನು ಕೇಳಿಸಿದೆ. ಎಸ್. ರಾಮನಾಥನ್ ಅವರಲ್ಲಿ ವೀಣೆ ಕಲಿತ ಮೆಕ್‌ಲಾಫ್ಲಿನ್, ವಿದ್ಯುತ್ ಗಿಟಾರನ್ನು ಬದಿಗಿಟ್ಟು, ಪಿಟೀಲಿನ ಎಲ್. ಶಂಕರ್, ತಬಲಾದ ಜಾಕಿರ್ ಹುಸೇನ್, ಘಟದ ವಿಕ್ಕು ವಿನಾಯಕರಾಮ್ ಅವರೊಂದಿಗೆ ನುಡಿಸಿದ ತಂಡವದು. ಒಬ್ಬರು ನುಡಿಸುವಾಗ ಇನ್ನೊಬ್ಬರು ಕಾಯುವ ಆ ಸೌಜನ್ಯ ಗುರುಗಳಿಗೆ ಹಿಡಿಸುವುದೆಂದೇ ನಾನು ನಂಬಿದ್ದೆ. ತಲೆದೂಗುತ್ತ ಕೇಳಿದ ಅವರು, ಮೂರು ಬಾರಿ ಮರುಕಳಿಸಿ ಸಮ್‌ಗೆ ಬರುವ ತಿಹಾಯಿ ಮುಗಿಯುತ್ತಿದ್ದಂತೆ ಕೈಯೆತ್ತಿ ನಿಲ್ಲಿಸಿದರು.

“ಜಾಕಿರ್ ಸಾಹೇಬ್ರು ನಮ್ಮವರ, ದಿನಾ ಕೇಳತೇವಿ. ಆ ಪನಾಮಾದವಂದು ಇನ್ನೊಮ್ಮೆ ಹಚ್ಚು.”