ಕುಡಿಯದವರು ತೀರಿಸುವ ಸಾಲ

ಮದ್ಯ ಮತ್ತು ಮಾದಕ ವಸ್ತುಗಳ ಚಟದಿಂದ ಆಗುವ ನಷ್ಟದ ಮಾತು ಬಂದಾಗಲೆಲ್ಲ ಲೆಕ್ಕ ಶುರುವಾಗುವುದು ಕುಡಿಯುವವನ ಜೇಬಿನಿಂದ. ದಿನಕ್ಕೆ ಇಷ್ಟು, ತಿಂಗಳಿಗೆ ಇಷ್ಟು, ಆ ಹಣವನ್ನೆಲ್ಲ ಕೂಡಿಟ್ಟಿದ್ದರೆ ಇಷ್ಟು ಹೊತ್ತಿಗೆ ಒಂದು ಮನೆಯೇ ಆಗುತ್ತಿತ್ತು ಎಂದು ಹೇಳುತ್ತಾರೆ. ಲೆಕ್ಕ ತಪ್ಪೇನಲ್ಲ, ಆದರೆ ಅರ್ಧಕ್ಕೇ ನಿಂತುಬಿಡುತ್ತದೆ. ಬಾಟಲಿಗೆ ಸುರಿದ ಹಣ ಕಣ್ಣಿಗೆ ಕಾಣುವ ಖರ್ಚು. ಅದರ ಹಿಂದೆ ಬರುವ ಖರ್ಚುಗಳನ್ನು ಬಹಳಷ್ಟು ಸಲ ಭರಿಸುವವರು ಜೀವಮಾನದಲ್ಲಿ ಒಂದು ಹನಿಯನ್ನೂ ಬಾಯಿಗೆ ಹಾಕದವರು. ಅವರ ಪಾಲಿನ ಲೆಕ್ಕವನ್ನು ಬರೆದಿಡಬೇಕೆಂದು ಬಹಳ ದಿನಗಳಿಂದ ಅಂದುಕೊಂಡಿದ್ದೆ.

ಮೊದಲು ದೊಡ್ಡ ಅಂಕಿಗಳನ್ನು ನೋಡಿಬಿಡೋಣ. ವಿಶ್ವ ಆರೋಗ್ಯ ಸಂಸ್ಥೆ 2024ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ 2019ರ ಒಂದೇ ವರ್ಷದಲ್ಲಿ ಮದ್ಯಪಾನದಿಂದಾಗಿ ಸತ್ತವರು ಸುಮಾರು 26 ಲಕ್ಷ, ಮಾದಕ ವಸ್ತುಗಳಿಂದ ಸತ್ತವರು ಸುಮಾರು 6 ಲಕ್ಷ. ಮದ್ಯಕ್ಕೆ ಸಂಬಂಧಿಸಿದ ಕಾಯಿಲೆಯ ಸ್ಥಿತಿಯಲ್ಲಿ ಬದುಕುತ್ತಿದ್ದವರು 40 ಕೋಟಿ, ಅವರಲ್ಲಿ 20.9 ಕೋಟಿ ಜನ ಪೂರ್ತಿ ದಾಸರಾದವರು. ಇದೇ ವರದಿಯಲ್ಲಿ ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ ಸಂಗತಿ ಬೇರೆ: 20ರಿಂದ 39 ವರ್ಷದೊಳಗಿನವರ ಸಾವುಗಳಲ್ಲಿ ಶೇಕಡಾ 13ರಷ್ಟಕ್ಕೆ ಮದ್ಯವೇ ಕಾರಣ, ಮತ್ತು ಬೇರೆ ಯಾವ ವಯೋಮಾನದಲ್ಲೂ ಈ ಪ್ರಮಾಣ ಇಷ್ಟಿಲ್ಲ. ಮಕ್ಕಳು ಇನ್ನೂ ಚಿಕ್ಕವರು, ಸಾಲದ ಕಂತು ಈಗಷ್ಟೇ ಶುರುವಾಗಿದೆ, ಹೆತ್ತವರಿಗೆ ದುಡಿಯುವ ಶಕ್ತಿ ಕುಗ್ಗುತ್ತಿದೆ ಎನ್ನುವ ವಯಸ್ಸು ಅದು. ಆ ವಯಸ್ಸಿನಲ್ಲಿ ಒಬ್ಬ ಹೋದರೆ ಮುಂದಿನ ಇಪ್ಪತ್ತು ಮೂವತ್ತು ವರ್ಷಗಳ ದುಡಿಮೆಯೂ ಅವನ ಜೊತೆಗೇ ಹೋಗುತ್ತದೆ.

ಆದರೆ ಸಾವು ಕೊನೆಯ ಹಂತ. ಅದಕ್ಕೂ ಮೊದಲು ವರ್ಷಾನುಗಟ್ಟಲೆ ನಡೆಯುವ ಸವೆತ ಯಾವ ಪಟ್ಟಿಗೂ ಸೇರುವುದಿಲ್ಲ. ನನಗೆ ಹತ್ತಿರದಿಂದ ಗೊತ್ತಿರುವ ಒಂದು ಕುಟುಂಬದಲ್ಲಿ ವಾರದ ಮೊದಲ ದಿನ ಬೆಳಿಗ್ಗೆ ಗಂಡನ ಮೇಲಧಿಕಾರಿಗೆ ಫೋನ್ ಮಾಡುವುದು ಹೆಂಡತಿಯ ಕೆಲಸವಾಗಿತ್ತು. ಒಮ್ಮೆ ಜ್ವರ, ಒಮ್ಮೆ ಹೊಟ್ಟೆನೋವು, ಒಮ್ಮೆ ದೂರದ ಸಂಬಂಧಿಯ ಸಾವು. ಯಾವ ವಾರ ಯಾವ ಕಾರಣ ಹೇಳಿದ್ದೆ ಎಂಬುದನ್ನು ಆಕೆ ಕ್ಯಾಲೆಂಡರಿನ ಹಿಂಬದಿಯಲ್ಲಿ ಪೆನ್ಸಿಲಿನಲ್ಲಿ ಗುರುತು ಹಾಕಿಕೊಳ್ಳುತ್ತಿದ್ದರು, ಹೇಳಿದ್ದನ್ನೇ ಮತ್ತೆ ಹೇಳಿ ಸಿಕ್ಕಿಬೀಳಬಾರದಲ್ಲ ಎಂದು. ಅತ್ತ ಕಚೇರಿಯಲ್ಲಿ ಅವನ ಮೇಜಿನ ಕೆಲಸ ಪಕ್ಕದವರ ಮೇಲೆ ಬೀಳುತ್ತಿತ್ತು. ರಜೆ ಹಾಕಿದ ದಿನದ ನಷ್ಟವನ್ನಾದರೂ ಲೆಕ್ಕ ಹಾಕಬಹುದು. ಹಿಂದಿನ ರಾತ್ರಿಯ ಅಮಲು ಪೂರ್ತಿ ಇಳಿಯದೆ ಕೆಲಸಕ್ಕೆ ಬಂದು ಕೂತವನು ಮಾಡಿದ ತಪ್ಪುಗಳ ಬೆಲೆಯನ್ನು, ಅವನ್ನು ತಿದ್ದುತ್ತಾ ಕೂತ ಸಹೋದ್ಯೋಗಿಯ ಸಂಜೆಗಳ ಬೆಲೆಯನ್ನು ಯಾರು ಹಾಕುತ್ತಾರೆ? ಯಂತ್ರ ನಡೆಸುವ, ವಾಹನ ಓಡಿಸುವ, ಎತ್ತರದಲ್ಲಿ ನಿಂತು ದುಡಿಯುವ ಕೆಲಸಗಳಲ್ಲಂತೂ ಆ ತಪ್ಪು ಇನ್ನೊಬ್ಬನ ಕೈಯನ್ನೋ ಜೀವವನ್ನೋ ತೆಗೆಯಬಹುದು.

ಮನೆಯೊಳಗೆ ಹಣ ಕರಗುವುದಕ್ಕೂ ಒಂದು ಕ್ರಮವಿರುತ್ತದೆ. ಮೊದಲು ಉಳಿತಾಯ ಖಾಲಿಯಾಗುತ್ತದೆ, ಆಮೇಲೆ ಕೈಸಾಲ, ಆಮೇಲೆ ಆ ಕೈಸಾಲ ತೀರಿಸಲು ಬಡ್ಡಿಯ ಸಾಲ, ಅದಕ್ಕೆ ಹೆಂಡತಿಯದೋ ಅಣ್ಣನದೋ ಜಾಮೀನು. ಬಾಡಿಗೆಯನ್ನು ತಪ್ಪಿಸಲಾಗದು, ಮನೆಯ ಮಾಲೀಕರು ಬಾಗಿಲಿಗೆ ಬರುತ್ತಾರೆ. ಆದ್ದರಿಂದ ಬಾಗಿಲಿಗೆ ಬಂದು ಕೇಳದ ಖರ್ಚುಗಳಿಗೇ ಮೊದಲು ಕತ್ತರಿ ಬೀಳುತ್ತದೆ: ಅತ್ತೆಯ ರಕ್ತದೊತ್ತಡದ ಮಾತ್ರೆ, ಮಗುವಿನ ಕನ್ನಡಕ, ತಾಯಿಯ ಹಲ್ಲುನೋವು. ಕೊನೆಗೆ ಹಿರಿಯ ಮಗನೋ ಮಗಳೋ ಓದು ಬಿಟ್ಟು ದುಡಿಯಲು ಹೊರಡುತ್ತಾರೆ. ಹದಿನಾರನೆಯ ವಯಸ್ಸಿಗೆ ಓದು ಬಿಟ್ಟ ಮಗು ಮುಂದೆ ಬದುಕಿಡೀ ಕಡಿಮೆ ಸಂಬಳಕ್ಕೆ ದುಡಿಯುವುದೂ ಆ ಕುಡಿತದ ಖರ್ಚೇ. ಆದರೆ ತಂದೆ ಕುಡಿತ ಬಿಟ್ಟು ಹತ್ತು ವರ್ಷಗಳಾದ ಮೇಲೂ ನಡೆಯುತ್ತಿರುವ ಆ ಕಡಿತವನ್ನು ಯಾರೂ ಅದರ ಖಾತೆಗೆ ಬರೆಯುವುದಿಲ್ಲ.

ಇಂಥ ಮನೆಯ ಮಕ್ಕಳು ಗೇಟಿನ ಸದ್ದಿನಿಂದಲೇ ಆ ರಾತ್ರಿ ಹೇಗೆ ಕಳೆಯಲಿದೆ ಎಂದು ಹೇಳಬಲ್ಲರು. ಚಪ್ಪಲಿ ಬಿಡುವ ರೀತಿ, ಬೀಗದ ಕೈ ರಂಧ್ರ ಹುಡುಕಲು ತೆಗೆದುಕೊಳ್ಳುವ ಹೊತ್ತು, ಎಲ್ಲವೂ ಅವರಿಗೆ ಮುನ್ಸೂಚನೆ. ಮನೆಯೊಳಗಿನ ಹಿಂಸೆಗೆ ಕುಡಿತವೊಂದೇ ಕಾರಣವೆಂದು ನಾನು ಹೇಳಲಾರೆ, ಕುಡಿಯದೆ ಹೊಡೆಯುವವರೂ ಇದ್ದಾರೆ; ಆದರೆ ಕುಡಿತ ಹೊಡೆತದ ಸಾಧ್ಯತೆಯನ್ನೂ ಗಾಯದ ಆಳವನ್ನೂ ಹೆಚ್ಚಿಸುತ್ತದೆ ಎಂಬುದರಲ್ಲಿ ಅನುಮಾನವಿಲ್ಲ. ಚಟಕ್ಕೆ ಬಿದ್ದ ಹೆಂಗಸರ ಸ್ಥಿತಿ ಇನ್ನೂ ಕಷ್ಟದ್ದು. ಗಂಡಸಿನ ಕುಡಿತವನ್ನು ದೌರ್ಬಲ್ಯವೆಂದು ಮನ್ನಿಸುವ ಸಮಾಜವೇ ಹೆಂಗಸಿನ ಕುಡಿತವನ್ನು ನಡತೆಯ ಪ್ರಶ್ನೆಯಾಗಿ ನೋಡುವುದರಿಂದ, ಆಕೆ ಚಿಕಿತ್ಸೆ ಕೇಳುವುದಕ್ಕೂ ಹಿಂಜರಿಯುತ್ತಾಳೆ.

ಇನ್ನು ಸರ್ಕಾರಗಳ ಲೆಕ್ಕ. ಮದ್ಯದಿಂದ ಬರುವ ಸುಂಕವಿಲ್ಲದೆ ಬೊಕ್ಕಸ ನಡೆಯದು ಎಂಬ ವಾದವನ್ನು ಎಲ್ಲೆಡೆಯೂ ಕೇಳುತ್ತೇವೆ. ಆದಾಯ ಒಂದೇ ಇಲಾಖೆಯ ಒಂದೇ ಪುಟದಲ್ಲಿ ದೊಡ್ಡ ಅಕ್ಷರದಲ್ಲಿ ಕಾಣುತ್ತದೆ. ಖರ್ಚು ಮಾತ್ರ ಆಸ್ಪತ್ರೆ, ಪೊಲೀಸು, ನ್ಯಾಯಾಲಯ, ಜೈಲು, ಅಂಗವಿಕಲರ ವೇತನ ಎಂದು ಹತ್ತಾರು ಪುಟಗಳಲ್ಲಿ ಚದುರಿಹೋಗಿರುತ್ತದೆ. ಎರಡನ್ನೂ ಎದುರುಬದುರು ಇಟ್ಟು ಕೂಡಿ ಕಳೆಯುವ ಆತುರ ಯಾರಿಗೂ ಇಲ್ಲ. ಹಾಗೆಂದು ಪೂರ್ತಿ ನಿಷೇಧವೇ ಪರಿಹಾರ ಎನ್ನುವವರ ಜೊತೆಗೂ ನಾನಿಲ್ಲ. ಅಮೆರಿಕ 1920ರಿಂದ 1933ರವರೆಗೆ ಅದನ್ನು ಮಾಡಿ ನೋಡಿತು. ಮೊದಮೊದಲು ಕುಡಿತ ನಿಜವಾಗಿಯೂ ಇಳಿಯಿತು, ಆದರೆ ಕಳ್ಳವ್ಯಾಪಾರ, ವಿಷಮದ್ಯ ಮತ್ತು ಭ್ರಷ್ಟಾಚಾರ ಬೆಳೆದು ಕೊನೆಗೆ ಕಾನೂನನ್ನೇ ಹಿಂತೆಗೆದುಕೊಳ್ಳಬೇಕಾಯಿತು. ಸ್ಕಾಟ್ಲೆಂಡ್ 2018ರಲ್ಲಿ ಹಿಡಿದ ದಾರಿ ನನಗೆ ಹೆಚ್ಚು ಸರಿ ಎನ್ನಿಸುತ್ತದೆ: ಮದ್ಯದಲ್ಲಿರುವ ಆಲ್ಕೋಹಾಲಿನ ಪ್ರಮಾಣಕ್ಕೆ ತಕ್ಕಂತೆ ಒಂದು ಕನಿಷ್ಠ ಬೆಲೆಯನ್ನು ಕಾನೂನಿನಿಂದಲೇ ನಿಗದಿ ಮಾಡಿದರು. ಅತಿ ಅಗ್ಗದ, ಅತಿ ತೀಕ್ಷ್ಣ ಮದ್ಯ ಅಂಗಡಿಗಳಲ್ಲಿ ಸಿಗದಂತಾಯಿತು, ಮತ್ತು ನೇರವಾಗಿ ಮದ್ಯದಿಂದಲೇ ಆಗುವ ಸಾವುಗಳು ಇಲ್ಲದಿದ್ದರೆ ಆಗುತ್ತಿದ್ದುದಕ್ಕಿಂತ ಶೇಕಡಾ 13ರಷ್ಟು ಕಡಿಮೆಯಾದವೆಂದು ಅಲ್ಲಿನ ಮೌಲ್ಯಮಾಪನ ಅಂದಾಜಿಸಿದೆ.

ಮಾದಕ ವಸ್ತುಗಳ ವಿಷಯದಲ್ಲಿ ಚಟದ ಖರ್ಚಿನ ಮೇಲೆ ಕಾನೂನಿನ ಖರ್ಚೂ ಸೇರಿಕೊಳ್ಳುತ್ತದೆ. ಸ್ವಂತ ಬಳಕೆಗೆಂದು ಇಟ್ಟುಕೊಂಡು ಸಿಕ್ಕಿಬಿದ್ದ ಹುಡುಗನ ಮೇಲೆ ಒಮ್ಮೆ ಪ್ರಕರಣ ದಾಖಲಾಯಿತೆಂದರೆ, ಚಟ ಬಿಟ್ಟ ಮೇಲೂ ಕೆಲಸ ಸಿಗುವುದು ಕಷ್ಟ. ವಕೀಲರ ಶುಲ್ಕಕ್ಕೆ ಹೆತ್ತವರು ಇದ್ದಬದ್ದದ್ದನ್ನು ಮಾರಿರುತ್ತಾರೆ. ಪೋರ್ಚುಗಲ್ 2001ರಿಂದ ಸ್ವಂತ ಬಳಕೆಯ ಸಣ್ಣ ಪ್ರಮಾಣವನ್ನು ಕ್ರಿಮಿನಲ್ ಅಪರಾಧವೆಂದು ಪರಿಗಣಿಸುವುದನ್ನು ಬಿಟ್ಟು, ಅಂಥವರನ್ನು ನ್ಯಾಯಾಲಯದ ಬದಲು ಒಂದು ಸಮಿತಿಯ ಮುಂದೆ ಕಳುಹಿಸುತ್ತಿದೆ. ಮಾರಾಟ ಅಲ್ಲಿ ಈಗಲೂ ಅಪರಾಧವೇ. ಚಿಕಿತ್ಸೆಗೆ ಹಣ ಸುರಿಯದೆ ಶಿಕ್ಷೆಯನ್ನಷ್ಟೇ ಸಡಿಲಿಸಿದ್ದರೆ ಅದರಿಂದ ಹೆಚ್ಚೇನೂ ಆಗುತ್ತಿರಲಿಲ್ಲ ಎಂಬುದು ನನ್ನ ಅನಿಸಿಕೆ. ವಿಶ್ವಸಂಸ್ಥೆಯ 2024ರ ವರದಿಯಂತೆ ಜಗತ್ತಿನಲ್ಲಿ ಮಾದಕ ವಸ್ತುವಿನ ಕಾಯಿಲೆಗೆ ಬಿದ್ದವರು 6.4 ಕೋಟಿ, ಅವರಲ್ಲಿ ಚಿಕಿತ್ಸೆ ದೊರೆಯುವುದು ಹನ್ನೊಂದರಲ್ಲಿ ಒಬ್ಬರಿಗೆ.

ಚಿಕಿತ್ಸೆ ಸಿಗದಿದ್ದಾಗ ಮನೆಯವರೇ ವೈದ್ಯರಾಗುತ್ತಾರೆ, ಮತ್ತು ಅಪಾಯ ಇರುವುದು ಅಲ್ಲಿಯೇ. ವರ್ಷಗಟ್ಟಲೆ ವಿಪರೀತ ಕುಡಿದವನನ್ನು ಕೋಣೆಯಲ್ಲಿ ಕೂಡಿಹಾಕಿ ಒಮ್ಮೆಲೇ ಬಿಡಿಸಿದರೆ ಮೊದಲ ದಿನವೇ ಕೈನಡುಕ, ಬೆವರು ಶುರುವಾಗಿ, ಒಂದೆರಡು ದಿನಗಳಲ್ಲಿ ಫಿಟ್ಸ್ ಬರಬಹುದು. ಎರಡು ಮೂರು ದಿನ ಕಳೆಯುವಾಗ ದಿಕ್ಕು ತೋಚದ ಭ್ರಮೆ ಹತ್ತಿ ಪ್ರಾಣಕ್ಕೇ ಕುತ್ತಾಗಬಹುದು. ಆಸ್ಪತ್ರೆಯಲ್ಲಿ ಔಷಧಿ ಮತ್ತು ಬಿ1 ಜೀವಸತ್ವ ಕೊಟ್ಟು ಇದನ್ನು ತಡೆಯುತ್ತಾರೆ. ಹೆರಾಯಿನ್‌ನಂಥ ವಸ್ತುಗಳಲ್ಲಿ ಅಪಾಯ ಬೇರೆ ಕಡೆಯಿಂದ ಬರುತ್ತದೆ. ಕೆಲವು ವಾರ ಬಿಟ್ಟಿದ್ದವನ ದೇಹ ಹಳೆಯ ಪ್ರಮಾಣವನ್ನು ತಾಳಿಕೊಳ್ಳುವ ಶಕ್ತಿ ಕಳೆದುಕೊಂಡಿರುತ್ತದೆ, ಆದ್ದರಿಂದ ಜೈಲಿನಿಂದಲೋ ವ್ಯಸನಮುಕ್ತಿ ಕೇಂದ್ರದಿಂದಲೋ ಹೊರಬಂದ ಮೊದಲ ವಾರಗಳಲ್ಲಿ ಹಿಂದಿನಷ್ಟೇ ತೆಗೆದುಕೊಂಡರೂ ಸಾಯಬಹುದು. ಮಗ ಗುಣವಾಗಿ ಬಂದನೆಂದು ಮನೆಯವರು ಉಸಿರು ಬಿಡುವ ಹೊತ್ತೇ ಅತಿ ಎಚ್ಚರ ಬೇಕಾದ ಹೊತ್ತು ಎಂಬುದನ್ನು ಅವರಿಗೆ ಬಿಡಿಸಿ ಹೇಳುವವರು ಕಡಿಮೆ.

ಒಮ್ಮೆ ಬಿಟ್ಟವನು ಮತ್ತೆ ಶುರುಮಾಡಿದರೆ ಚಿಕಿತ್ಸೆಗೆ ಹಾಕಿದ ಹಣವೆಲ್ಲ ನೀರಿನಲ್ಲಿ ಹೋಯಿತೆಂದು ಸಂಬಂಧಿಕರು ಕೈಬಿಡುತ್ತಾರೆ, ಕೆಲಸ ಕೊಟ್ಟವರು ಮನೆಗೆ ಕಳುಹಿಸುತ್ತಾರೆ. ಸಕ್ಕರೆ ಕಾಯಿಲೆಯವನ ಸಕ್ಕರೆ ಮತ್ತೆ ಏರಿತೆಂದು ಯಾರೂ ಅವನನ್ನು ಕೆಲಸದಿಂದ ತೆಗೆಯುವುದಿಲ್ಲ. ಮರುಕಳಿಸುವುದು ಈ ಕಾಯಿಲೆಯ ಸ್ವಭಾವ. ಸಂಬಳವುಳ್ಳ ಚಿಕಿತ್ಸಾ ರಜೆ ಮತ್ತು ಮರಳಿ ಬರಲೊಂದು ಕುರ್ಚಿ ಉಳಿದಿದ್ದರೆ ಎರಡನೆಯ ಸಲವೋ ಮೂರನೆಯ ಸಲವೋ ನೆಲೆ ನಿಲ್ಲುವವರು ಸಾಕಷ್ಟು ಜನರಿದ್ದಾರೆ.

ಆದರೆ ಅಲ್ಲಿಯವರೆಗೆ ಮನೆಯವರು ಕಾಯುತ್ತಾ ಕೂರಬೇಕಾಗಿಲ್ಲ. ಕುಡಿಯುವವರ ಕುಟುಂಬಗಳಿಗೆಂದೇ 1951ರಲ್ಲಿ ಆರಂಭವಾದ ಅಲ್‌-ಅನಾನ್ ಕೂಟಗಳಿಗೆ ಹೋಗಲು ಕುಡಿಯುವವನು ಕುಡಿತ ಬಿಟ್ಟಿರಬೇಕೆಂಬ ಷರತ್ತಿಲ್ಲ, ಅವನ ಒಪ್ಪಿಗೆಯೂ ಬೇಕಿಲ್ಲ. ಹೆಂಡತಿ ತನ್ನ ನಿದ್ರೆಯಿಲ್ಲದ ರಾತ್ರಿಗಳಿಗಾಗಿಯೇ ವೈದ್ಯರ ಬಳಿ ಹೋಗಬಹುದು, ತನ್ನ ಗಳಿಕೆಯನ್ನು ಬೇರೆ ಖಾತೆಯಲ್ಲಿ ಇಡಬಹುದು, ಹೊಸ ಸಾಲದ ಜಾಮೀನಿಗೆ ಸಹಿ ಹಾಕಲಾರೆ ಎನ್ನಬಹುದು. ಗಂಡನನ್ನು ಕರೆತನ್ನಿ, ಆಮೇಲೆ ನೋಡೋಣ ಎಂದು ಆಕೆಯನ್ನು ವಾಪಸು ಕಳುಹಿಸುವ ಚಿಕಿತ್ಸಾ ಕೇಂದ್ರಗಳು ಮೊದಲು ಆಕೆಯ ಹೆಸರಿಗೇ ಒಂದು ಚೀಟಿ ಬರೆಯಲಿ.